ಸ್ಟ್ರಕ್ಟ್ ಕಾಪಿ ಹೊಡೆಯೋರಿಗೆ...

ಮೊನ್ನೆ ಆಫೀಸಿನಲ್ಲಿ ಮತ್ತೆ ಅದೇ ರಗಳೆ. ನಮ್ಮ ಲಿನಕ್ಸ್ ಡ್ರೈವರ್ ಬರೆದ ಹುಡುಗ ಕರ್ನಲ್ ಒಳಗೆ ಒಂದು ಸ್ಟ್ರಕ್ಟ್ ಇಟ್ಟಿದ್ದ. ಹೊರಗಿನ ಪ್ರೋಗ್ರಾಂ ಬರೆದವನು (ನಾನೇ ಸ್ವಾಮಿ!) ಅದನ್ನು ಹಾಗೇ ಕಾಪಿ ಹೊಡೆದು ತನ್ನ ಫೈಲಿಗೆ ಅಂಟಿಸಿಕೊಂಡಿದ್ದ. ಆಮೇಲೊಂದು ದಿನ ಆ ಹುಡುಗ ಎರಡು ಫೀಲ್ಡುಗಳನ್ನು ಅದಲುಬದಲು ಮಾಡಿದ. ಒಟ್ಟು ಸೈಜ್ ಅಷ್ಟೇ, ಹಾಗಾಗಿ ಐಓಸಿಟಿಎಲ್ ನಂಬರೂ ಬದಲಾಗಲಿಲ್ಲ. ಕಂಪೈಲರ್ ಎರಡೂ ಕಡೆ ತುಟಿಪಿಟಕ್ಕೆನ್ನಲಿಲ್ಲ. ಉಷ್ಣಾಂಶ ಬರಬೇಕಾದ ಕಡೆ ವೋಲ್ಟೇಜ್ ಬಂತು. ಹುಡುಕೋಕೆ ಎರಡು ದಿನ ಹಾಳು :(

"ನಾಲ್ಕು ಸಾಲಿನ ಸ್ಟ್ರಕ್ಟಿಗೆ ಬೇರೆ ಹೆಡರ್ ಫೈಲ್ ಯಾಕ್ರೀ?" ಅಂತ ಇನ್ನೂ ವಾದಿಸೋರಿದ್ದಾರೆ. ಯೂನಿಕೋಡಿಗೆ ಮುಂಚೆ ಟೈಪಿಸಿದ ಕನ್ನಡ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ಚಿತ್ರಲಿಪಿ ನೋಡಿದವರಿಗೆ ಉತ್ತರ ಗೊತ್ತು. ಬೈಟುಗಳು ಅವೇ, ಓದೋ ಕೋಷ್ಟಕ ಬೇರೆ.

ಹಿಂದೆ ಕಾಪಿ ಹೊಡೆಯೋಕೆ ಒಂದು ನೆಪವಿತ್ತು, ಒಪ್ತೀನಿ. ಲಿನಕ್ಸಿನ ಹೆಡರುಗಳಲ್ಲಿ ಕರ್ನಲ್ಲಿನ ಒಳಗುಟ್ಟೂ ಹೊರಗಿನವರಿಗೆ ಬೇಕಾದದ್ದೂ ಕಲಸುಮೇಲೋಗರ. ಡಿಸ್ಟ್ರೋದವರು ತಾವೇ ಸೋಸಿ ಕೊಡಬೇಕಿತ್ತು. 2006ರಲ್ಲಿ, 2.6.18ರಲ್ಲಿ, ಸೋಸುವ ಕೆಲಸ ಕರ್ನಲ್ಲಿನ ಮೇಕ್‌ಫೈಲಿಗೇ ಬಂತು. 2012ರ 3.7ರಲ್ಲಿ ಡೇವಿಡ್ ಹೋವೆಲ್ಸ್ ಹೊರಗಿನವರ ಪಾಲನ್ನು ಯುಎಪಿಐ ಅನ್ನೋ ಬೇರೆ ಡೈರೆಕ್ಟರಿಗೇ ಎತ್ತಿಟ್ಟರು. ಇನ್ಯಾವ ನೆಪ?

ಆದರೆ ಹೆಡರ್ ಒಂದೇ ಆದರೆ ಎಲ್ಲ ಮುಗೀತು ಅನ್ನೋರನ್ನು ಕಂಡರೆ ನನಗೆ ಇನ್ನೂ ಸಿಟ್ಟು. ಅದರೊಳಗೆ ಒಂದು 'ಲಾಂಗ್' ಹಾಕಿ ನೋಡಿ. 64 ಬಿಟ್ ಕರ್ನಲ್ಲಿಗೆ ಅದು 8 ಬೈಟ್, ಅದರ ಮೇಲೆ ಓಡೋ 32 ಬಿಟ್ ಪ್ರೋಗ್ರಾಮಿಗೆ 4. ಲಾಂಗ್ ಬಿಟ್ಟು ಅಳತೆ ಗೊತ್ತಿರೋ ಟೈಪುಗಳನ್ನೇ ಬಳಸಿದರೂ ಸಾಲದು. ಮೊದಲು ಒಂದು 32 ಬಿಟ್ ಫೀಲ್ಡ್, ಆಮೇಲೆ ಒಂದು 64 ಬಿಟ್ ಫೀಲ್ಡ್ ಇಡಿ. ಹಳೆಯ 32 ಬಿಟ್ ಇಂಟೆಲ್ಲಿನಲ್ಲಿ ಸ್ಟ್ರಕ್ಟ್ 12 ಬೈಟ್, 64 ಬಿಟ್‌ನಲ್ಲಿ 16! ಕಂಪೈಲರ್ ಸದ್ದಿಲ್ಲದೆ ನಡುವೆ 4 ಬೈಟ್ ತುಂಬಿರುತ್ತೆ. ಆ ಪ್ಯಾಡಿಂಗನ್ನು ನಾವೇ ಫೀಲ್ಡ್ ಅಂತ ಬರೆದು, ಸೊನ್ನೆಯಾಗಿದೆಯಾ ಅಂತ ಕರ್ನಲ್ ಕಡೆ ನೋಡಬೇಕು. ಇಲ್ಲದಿದ್ದರೆ ಮುಂದೆ ಆ ಜಾಗ ಬೇಕಾದಾಗ ಹಳೇ ಪ್ರೋಗ್ರಾಮುಗಳು ಅಲ್ಲಿ ಕಸ ತುಂಬಿ ಕಳಿಸ್ತಿರ್ತವೆ.

ಬೆಳೆಯೋ ಸ್ಟ್ರಕ್ಟ್ ಆದರೆ ಜೊತೆಗೆ ಅದರ ಸೈಜನ್ನೂ ಕಳಿಸಿ. 2020ರ 5.6ರಲ್ಲಿ ಬಂದ ಓಪನ್‌ಎಟ್2 ಮಾಡೋದು ಇದನ್ನೇ. ತನಗೆ ಗೊತ್ತಿಲ್ಲದ ಬಾಲದಲ್ಲಿ ಸೊನ್ನೆಯಲ್ಲದ್ದು ಕಂಡರೆ ಕರ್ನಲ್ ಮುಖಕ್ಕೆ ಹೊಡೆದ ಹಾಗೆ ಎರರ್ ಕೊಡುತ್ತೆ. ಎಷ್ಟು ಚೆಂದ :)

ನಿನ್ನೆ ನನ್ನ ಕಾಪಿಯನ್ನು ಅಳಿಸಿ ಇಬ್ಬರಿಗೂ ಒಂದೇ ಹೆಡರ್ ಮಾಡಿದೆವು. ತೆಗೆದು ನೋಡಿದರೆ ಒಳಗೆ ಮೂರು ಲಾಂಗುಗಳು ಆರಾಮಾಗಿ ಕೂತಿವೆ. "ನಮ್ಮದೆಲ್ಲ 64 ಬಿಟ್ಟೇ ಅಲ್ವಾ ಸಾರ್" ಅಂತಾನೆ ಹುಡುಗ. ಸೋಮವಾರ ಮತ್ತೆ ಜಗಳ ಇದೆ.