ಬೆಳ್ಗರಿಯ ಹಕ್ಕಿಯೂ ಅದರ ಬಳಗವೂ

ಎಲ್ಲಿಯಾದರೂ ಬಿಳಿಯ ಕಾಗೆಯೊಂದು ಕಾಣಿಸಿಕೊಂಡಿತೆಂದರೆ ಊರೆಲ್ಲ ನೆರೆಯುವುದು, ಪತ್ರಿಕೆಗಳು ಅದರ ಚಿತ್ರವನ್ನು ಅಚ್ಚುಹಾಕುವುದು, ಅದು ಶುಭಸೂಚಕವೊ ಅಶುಭಸೂಚಕವೊ ಎಂದು ಹಿರಿಯರು ಜಿಜ್ಞಾಸೆಗೆ ತೊಡಗುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ಈ ಕುತೂಹಲವನ್ನು ನಾನು ಹಳಿಯಲಾರೆ. ಅಪೂರ್ವವಾದುದನ್ನು ಕಂಡು ನಿಂತು ನೋಡುವ ಗುಣ ಮನುಷ್ಯನಲ್ಲಿ ಬತ್ತಿಹೋಗಬಾರದು. ಆದರೆ ಅಂಟಾರ್ಕ್ಟಿಕದ ಹಿಮತೀರದಲ್ಲಿ ಯಾರೋ ಪ್ರವಾಸಿ ಹಿಡಿದ ಬಿಳಿಯ ಪೆಂಗ್ವಿನ್ನಿನ ಚಿತ್ರವು ಒಂದೇ ಹಗಲಿನಲ್ಲಿ ಲೋಕವನ್ನೆಲ್ಲ ಸುತ್ತಿಬರುವ ಈ ಕಾಲದಲ್ಲಿ, ಆ ಒಂದು ಹಕ್ಕಿಯ ಮೇಲೆ ನೆಟ್ಟ ನಮ್ಮ ದೃಷ್ಟಿ ಅದರ ಸುತ್ತ ನಿಂತಿರುವ ಸಹಸ್ರಾರು ಸಾಧಾರಣ ಹಕ್ಕಿಗಳನ್ನು ದಾಟಿಹೋಗುತ್ತಿದೆಯೆಂಬುದೂ, ಹಾಗೆ ದಾಟಿಹೋಗುವುದರಿಂದ ಆ ಬಿಳಿಯ ಹಕ್ಕಿಗೇ ಕೇಡಾಗುವುದೆಂಬುದೂ ನನ್ನ ದೃಢವಾದ ಅಭಿಪ್ರಾಯ.

ಕಡಲಿನಲ್ಲಿ ಬಿಳುಪು ವಿರಳವಾದ ವರ್ಣವೇನಲ್ಲ. ಹಿಮದ ಪೆಟ್ರೆಲ್ ಆಪಾದಮಸ್ತಕ ಶ್ವೇತವರ್ಣದ ಹಕ್ಕಿ; ಕಡಲಕಾಗೆಗಳ ಹೊಟ್ಟೆ ಸಾಮಾನ್ಯವಾಗಿ ಬಿಳಿ. ನೀರೊಳಗಿನಿಂದ ಮೇಲೆ ನೋಡುವ ಮೀನಿಗೆ ಬೆಳಗುವ ಆಕಾಶದ ಹಿನ್ನೆಲೆಯಲ್ಲಿ ಬಿಳಿಯ ಹಕ್ಕಿ ಬೇಗನೆ ಗೋಚರವಾಗದೆಂದು ಕೆನೆತ್ ಕ್ರೇಕ್ ಎಂಬ ವಿದ್ವಾಂಸರು 1944ರಲ್ಲಿಯೇ ‘ನೇಚರ್’ ಪತ್ರಿಕೆಯಲ್ಲಿ ಸೂಚಿಸಿದ್ದರು. ಹೀಗಿದ್ದೂ ಗ್ಯಾನೆಟ್, ಆಲ್ಬಟ್ರಾಸ್ ಮೊದಲಾದ ಬಿಳಿಮೈಯ ಹಕ್ಕಿಗಳ ರೆಕ್ಕೆಯ ತುದಿ ಮಾತ್ರ ಕಪ್ಪಾಗಿರುವುದನ್ನು ನೋಡುತ್ತೇವೆ. ಗರಿಗೆ ಕಪ್ಪನ್ನು ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವು ಅದಕ್ಕೆ ಗಟ್ಟಿತನವನ್ನೂ ಕೊಡುವುದರಿಂದ, ಗಾಳಿಯ ತಿಕ್ಕಾಟಕ್ಕೆ ಅತ್ಯಧಿಕವಾಗಿ ಸಿಕ್ಕುವ ತುದಿಗಳು ಆ ಕಪ್ಪಿನ ಬಲದಿಂದ ಹೆಚ್ಚು ಕಾಲ ಸವೆಯದೆ ಬಾಳುತ್ತವೆ.

ಕಪ್ಪಾಗಿರಬೇಕಾದ ಹಕ್ಕಿ ಬೆಳ್ಳಗಾಗುವುದಕ್ಕೆ ಕಾರಣಗಳು ಹಲವು. ಮೆಲನಿನ್ನನ್ನು ಸಿದ್ಧಪಡಿಸುವ ಶಕ್ತಿಯೇ ಇಲ್ಲದೆ ಹುಟ್ಟಿದ ಆಲ್ಬಿನೊ ಹಕ್ಕಿಯ ಕಣ್ಣಿನಲ್ಲಿಯೂ ವರ್ಣವಿಲ್ಲದ ಕಾರಣ ದೃಷ್ಟಿ ದುರ್ಬಲವಾಗಿ, ಗೂಡು ಬಿಟ್ಟ ಸ್ವಲ್ಪ ಕಾಲದಲ್ಲಿಯೇ ಅದು ಸಾಯುವುದು ಹೆಚ್ಚು. ಲ್ಯೂಸಿಸಂ ಎಂಬ ಸ್ಥಿತಿಯಲ್ಲಾದರೋ ವರ್ಣಕೋಶಗಳು ಗರಿಯನ್ನು ತಲಪುವುದಿಲ್ಲ. ಕಣ್ಣು ಮಾತ್ರ ಸಹಜವಾಗಿಯೇ ಇರುತ್ತದೆ. ಇನ್ನು ಕೆಲವು ಹಕ್ಕಿಗಳಲ್ಲಿ ಕಪ್ಪು ಪೂರ್ಣವಾಗಿ ಪಕ್ವವಾಗದೆ ಕಂದಾಗಿ ನಿಂತು, ಬಿಸಿಲಿಗೆ ಬಹುಬೇಗ ಮಾಸುತ್ತದೆ. ಇಂಥ ಪೆಂಗ್ವಿನ್ನಿನ ಬೆನ್ನು ದೂರದಿಂದ ಬರಿಯ ಬಿಳುಪಾಗಿ ತೋರಿದರೂ, ಹತ್ತಿರದಿಂದ ನೋಡಿದಾಗ ಒಣಹುಲ್ಲಿನ ಬಣ್ಣವಾಗಿರುವುದೂ, ಬಿಸಿಲು ಸೋಕದೆ ಅಡಗಿದ ಗರಿಗಳಲ್ಲಿ ಕಂದು ಇನ್ನೂ ಉಳಿದಿರುವುದೂ ತಿಳಿಯುತ್ತದೆ. ಬಿಳಿಯ ಹಕ್ಕಿಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಿಬಿಡುವ ಈ ತಪ್ಪನ್ನು ಪಕ್ಷಿತಜ್ಞ ಹೈನ್ ವಾನ್ ಗ್ರೌ ಅವರು 2006ರ ಲೇಖನವೊಂದರಲ್ಲಿ ವಿಶದವಾಗಿ ತಿದ್ದಿದ್ದಾರೆ. ಅಂಟಾರ್ಕ್ಟಿಕ ಪರ್ಯಾಯದ್ವೀಪದಲ್ಲಿ ನಡೆದ ಗಣನೆಯ ಪ್ರಕಾರ ಜೆಂಟೂ ಪೆಂಗ್ವಿನ್‌ಗಳಲ್ಲಿ 20,000ಕ್ಕೊಂದು, ಅಡೀಲಿಗಳಲ್ಲಿ 1,14,000ಕ್ಕೊಂದು, ಚಿನ್‌ಸ್ಟ್ರ್ಯಾಪ್‌ಗಳಲ್ಲಿ 1,46,000ಕ್ಕೊಂದು ಹೀಗೆ ಬಣ್ಣಗೆಟ್ಟ ಹಕ್ಕಿ ಸಿಕ್ಕುತ್ತದೆ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆರೆಹಿಡಿದಿರುವುದು ದಕ್ಷಿಣದ ಮಹಾ ಪೆಟ್ರೆಲ್. ರೆಕ್ಕೆ ಬಿಚ್ಚಿದರೆ ಸುಮಾರು ಎರಡು ಮೀಟರ್ ಅಗಲವಾಗುವ, ಸೀಲುಗಳ ಹೆಣವನ್ನೂ ಪೆಂಗ್ವಿನ್ ಮರಿಗಳನ್ನೂ ತಿಂದು ಬದುಕುವ, ಕೆಣಕಿದವರ ಮೇಲೆ ಹೊಟ್ಟೆಯೊಳಗಿನ ದುರ್ಗಂಧದ ಎಣ್ಣೆಯನ್ನು ಕಕ್ಕುವ ಈ ಹಕ್ಕಿ ಸಾಮಾನ್ಯವಾಗಿ ಬೂದುಗಂದು ಬಣ್ಣದ್ದು. ಆದರೆ ದಕ್ಷಿಣದ ಕೆಲವು ನೆಲೆಗಳಲ್ಲಿ ನೂರಕ್ಕೆ ಹತ್ತರ ಆಸುಪಾಸಿನಷ್ಟು ಹಕ್ಕಿಗಳು ಅಚ್ಚ ಬಿಳಿಯವು, ಆ ಬಿಳುಪಿನ ನಡುವೆ ಅಲ್ಲಲ್ಲಿ ಒಂದೊಂದು ಕರಿಯ ಗರಿ, ಅಕ್ಕಿಯಲ್ಲಿ ಬೆರೆತ ಎಳ್ಳುಕಾಳಿನಂತೆ. ಇದು ರೋಗವೂ ಅಲ್ಲ, ಆಕಸ್ಮಿಕವೂ ಅಲ್ಲ. ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ಆನುವಂಶಿಕ ಗುಣ. ಬಿಳಿಯದು ಕಂದಿನದರೊಡನೆ ಜೊತೆಗೂಡುತ್ತದೆ, ಎರಡೂ ಸೇರಿ ವರ್ಷಕ್ಕೊಂದೇ ಮೊಟ್ಟೆಗೆ ಸುಮಾರು ಎರಡು ತಿಂಗಳು ಕಾವು ಕೊಡುತ್ತವೆ. ಇದರ ಸೋದರ ಜಾತಿಯಾದ ಉತ್ತರದ ಮಹಾ ಪೆಟ್ರೆಲ್‌ನಲ್ಲಿ ಮಾತ್ರ ಈ ಶ್ವೇತರೂಪವಿಲ್ಲ. ಬಿಳಿಯ ಹಕ್ಕಿ ತನ್ನ ಬಳಗದಿಂದ ಬೇರೆಯಾದ ಒಂದು ವಿಚಿತ್ರವಲ್ಲ, ಆ ಬಳಗದ ಒಳಗೇ ಹರಿಯುವ ಒಂದು ಧಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆ ಧಾರೆಯನ್ನು ಬತ್ತಿಸಬಹುದೆಂಬುದಕ್ಕೂ ನಿದರ್ಶನವುಂಟು. ಅದು ಕಡಲಹಕ್ಕಿಯದಲ್ಲ, ಆದರೆ ಕಡಲಹಕ್ಕಿಗಳ ಬೀಡಾದ ಉತ್ತರ ಅಟ್ಲಾಂಟಿಕದ ಫೇರೋ ದ್ವೀಪಗಳದು. ಅಲ್ಲಿನ ಕಾಡುಕಾಗೆಗಳಲ್ಲಿ ಕಪ್ಪು ಬಿಳುಪು ಬೆರೆತ ಒಂದು ರೂಪವಿತ್ತು. ಕುರಿಮರಿಗಳಿಗೆ ಉಪದ್ರವವೆಂದು ಕಾಗೆಗಳನ್ನು ಕೊಲ್ಲಬೇಕೆಂದು, ಬೇಟೆಯಾಡಬಲ್ಲ ವಯಸ್ಸಿನ ಪ್ರತಿಯೊಬ್ಬ ಗಂಡಸೂ ಕೊಕ್ಕು ತಂದೊಪ್ಪಿಸಬೇಕೆಂದು ಹದಿನೆಂಟನೆಯ ಶತಮಾನದಲ್ಲಿ ರಾಜಾಜ್ಞೆಯಾಗಿತ್ತು. ಬಳಿಕ ಬಿಳಿಗರಿಯ ಕಾಗೆಯ ತೊಗಲಿಗೆ ಸಂಗ್ರಾಹಕರು ಹೆಚ್ಚಿನ ಬೆಲೆ ಕೊಡತೊಡಗಿದ ಮೇಲೆ ಅದನ್ನೇ ಹುಡುಕಿ ಹುಡುಕಿ ಹೊಡೆದರು. 1902ರಲ್ಲಿ ಮಿಚಿನೆಸ್ ದ್ವೀಪದಲ್ಲಿ ಕೊನೆಯದನ್ನು ಹೊಡೆಯಲಾಯಿತು. ಅನಂತರದಲ್ಲಿ ಕಂಡೆವೆಂಬ ಮಾತುಗಳು ಕೆಲವು ಬಂದುವಾದರೂ ಇಪ್ಪತ್ತನೆಯ ಶತಮಾನದ ನಡುವಿಗೆ ಅವೂ ನಿಂತುಹೋದುವು. ಕರಿಯ ಕಾಗೆಗಳು ಈಗಲೂ ಅಲ್ಲಿವೆ. ಬಿಳಿಯವು ವಸ್ತುಸಂಗ್ರಹಾಲಯದ ಪೆಟ್ಟಿಗೆಗಳಲ್ಲಿವೆ. ಅಪೂರ್ವವೆಂಬ ಮನ್ನಣೆಯೇ ಆ ಹಕ್ಕಿಗೆ ಮೃತ್ಯುವಾಯಿತು.

ಇಂದು ಕೋವಿಯ ಬದಲು ಕ್ಯಾಮೆರಾ ಬಂದಿದೆ, ನಿಜ. ಆದರೆ ಮಹಾ ಪೆಟ್ರೆಲ್ ಬಲು ಅಂಜುಬುರುಕ ಹಕ್ಕಿ, ಮನುಷ್ಯ ಹತ್ತಿರ ಸುಳಿದರೆ ಗೂಡನ್ನು ಬಿಟ್ಟೇಳುವುದು, ಕಾವು ತಪ್ಪಿದ ಮೊಟ್ಟೆ ಸ್ಕುವಾ ಹಕ್ಕಿಗೆ ತುತ್ತಾಗುವುದು. ಪೂರ್ವ ಅಂಟಾರ್ಕ್ಟಿಕದ ಫ್ರೇಸಿಯರ್ ದ್ವೀಪಗಳನ್ನು 2003ರಲ್ಲಿ ವಿಶೇಷ ರಕ್ಷಿತ ಪ್ರದೇಶವೆಂದು ಸಾರಿ, ಅನುಮತಿಯಿಲ್ಲದೆ ಕಾಲಿಡದಂತೆ ಮಾಡಿದ್ದು ಅದಕ್ಕಾಗಿಯೇ. ಇಂಥ ನಿರ್ಬಂಧ ಕಠಿಣವೆಂದು ಯಾರಾದರೂ ಆಕ್ಷೇಪಿಸಿದರೆ ನಾನು ನಿರ್ಬಂಧದ ಪಕ್ಷವನ್ನೇ ವಹಿಸುವೆ. ನಿರ್ಬಂಧ ಫಲಿಸುತ್ತದೆಂಬುದಕ್ಕೆ ಸಾಕ್ಷಿಯೂ ಉಂಟು: ಸೌತ್ ಜಾರ್ಜಿಯ ದ್ವೀಪಗಳ ಸುತ್ತ ಉದ್ದಗಾಳದ ಮೀನುಗಾರಿಕೆಯಲ್ಲಿ ಎರೆಗೆ ಬಾಯಿಹಾಕಿ ಮುಳುಗಿ ಸಾಯುತ್ತಿದ್ದ ಆಲ್ಬಟ್ರಾಸ್, ಪೆಟ್ರೆಲ್‌ಗಳ ಸಂಖ್ಯೆ, ರಾತ್ರಿಯಲ್ಲೇ ಗಾಳ ಬಿಡುವುದು, ಹಗ್ಗಕ್ಕೆ ಭಾರ ಕಟ್ಟುವುದು, ಹಕ್ಕಿಗಳನ್ನು ಬೆದರಿಸುವ ಪಟ್ಟಿಗಳನ್ನು ಹಡಗಿನ ಹಿಂದೆ ತೇಲಿಬಿಡುವುದು ಎಂಬೀ ಸರಳ ನಿಯಮಗಳಿಂದ ಅತ್ಯಲ್ಪಕ್ಕೆ ಇಳಿಯಿತು. ಆ ನಿಯಮಗಳು ಬಣ್ಣವನ್ನು ಎಣಿಸಲಿಲ್ಲ, ಬಳಗವನ್ನು ಕಾಯ್ದುವು. 2023ರ ಅಕ್ಟೋಬರಿನಲ್ಲಿ ಅದೇ ಸೌತ್ ಜಾರ್ಜಿಯಕ್ಕೆ ಕಾಲಿಟ್ಟ ಹಕ್ಕಿಜ್ವರವೂ ಬಣ್ಣವನ್ನು ನೋಡಿ ಬರಲಿಲ್ಲ.

ನಮ್ಮ ಕರಾವಳಿಗೂ ಈ ವಿಚಾರ ದೂರದ್ದಲ್ಲ. ಪಡುಗಡಲಿನ ಬಂಡೆಗಳ ಮೇಲೆ ಮೀನಿಗಾಗಿ ಹೊಂಚುವ ಕಡಲಂಚಿನ ಬೆಳ್ಳಕ್ಕಿಯಲ್ಲಿ ಬೂದುಗಪ್ಪು ರೂಪವೂ ಬಿಳಿಯ ರೂಪವೂ ಒಂದೇ ಜಾತಿಗೆ ಸೇರಿ ಅಕ್ಕಪಕ್ಕದಲ್ಲಿ ನಿಂತಿರುವುದನ್ನು ತಾಳ್ಮೆಯಿಂದ ನೋಡುವವರು ಇಲ್ಲಿಯೇ ಕಾಣಬಹುದು. ಮುಂಗಾರಿನ ಬಿರುಗಾಳಿ ಪ್ರತಿವರ್ಷ ನಡುಗಡಲಿನ ಹಕ್ಕಿಗಳನ್ನು, ಕರಿಬೆನ್ನಿನ ರೀವಗಳನ್ನೂ ಬಿಳಿಮೈಯ ಬೂಬಿಗಳನ್ನೂ, ಬಳಲಿಸಿ ನಮ್ಮ ಮರಳಿಗೆ ತಂದೊಗೆಯುತ್ತದೆ. ಆಗ ಬಿಳಿಯದಕ್ಕೆ ಜನ ಮುತ್ತುವುದೂ ಕರಿಯದನ್ನು ನಾಯಿಗೆ ಬಿಡುವುದೂ ಬೇಡ. ಯಾವುದನ್ನೂ ಮತ್ತೆ ನೀರಿಗೆ ಎಸೆಯದೆ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿ ನೆಮ್ಮದಿಯಾಗಿ ಇರಿಸಿ, ಬಲವಂತದಿಂದ ಮೀನು ನೀರು ತುರುಕದೆ, ಅರಣ್ಯ ಇಲಾಖೆಯವರಿಗೆ ಆ ಕ್ಷಣವೇ ಸುದ್ದಿ ಮುಟ್ಟಿಸಬೇಕು. ಪತ್ರಿಕೆಗಳೂ ಮಳೆಗಾಲದ ಮೊದಲಲ್ಲಿ ಕರಾವಳಿಯ ಪುಟಗಳಲ್ಲಿ ಈ ಸೂಚನೆಯನ್ನು ಅಚ್ಚುಹಾಕಲಿ.