ಪವರ್ ಸ್ಟೀರಿಂಗ್ ಆಮೇಲೆ, ಮೊದಲು ಲೂಸ್ ನೋಡಿ

ಕೈಯಲ್ಲಿ ನಾಲ್ಕು ಕಾಸು ಆಡ್ತಿದ್ದಂತೆ ಹಳೇ ಟ್ರಾಕ್ಟರ್ ಇರೋ ಹುಡುಗರು ಕೇಳೋದು ಒಂದೇ: "ಅಣ್ಣ, ಪವರ್ ಸ್ಟೀರಿಂಗ್ ಹಾಕಿಸ್ಲಾ?" ಒಂದೇ ಬೆರಳಲ್ಲಿ ಸ್ಟೀರಿಂಗ್ ತಿರುಗಿಸೋ ವಿಡಿಯೋ ನೋಡಿದ್ರೆ ಯಾರಿಗಾದ್ರೂ ಆಸೆ ಆಗುತ್ತೆ. ಕುಂದಾಣ ಕಡೆ ದ್ರಾಕ್ಷಿ ತೋಟದಲ್ಲಿ ಸಾಲು ಸಾಲಿನ ಕೊನೆಗೂ ಗಾಡಿ ತಿರುಗಿಸೋರ ಭುಜದ ನೋವು ಸುಳ್ಳಲ್ಲ. ಹಾಕಿಸಬೇಡಿ ಅಂತ ನಾನು ಹೇಳಲ್ಲ. ಸವೆದ ಆಕ್ಸಲ್ ಮೇಲೆ ಹಾಕಿಸಬೇಡಿ ಅಂತೀನಿ.

ನಮ್ಮ ಸಾಮಾನ್ಯ ಟ್ರಾಕ್ಟರ್‌ಗಳಿಗೆ ಮುಂದೆ ಸ್ಪ್ರಿಂಗೂ ಇಲ್ಲ, ಶಾಕ್ ಅಬ್ಸಾರ್ಬರೂ ಇಲ್ಲ. ಇಡೀ ಮುಂದಿನ ಆಕ್ಸಲ್ ನಡುವಿನ ಒಂದು ಸೆಂಟರ್ ಪಿನ್ ಮೇಲೆ ತೂಗುತ್ತೆ. ಬದು ಹತ್ತಿದರೂ ಗುಂಡಿಗೆ ಇಳಿದರೂ ಪೆಟ್ಟು ಬೀಳೋದು ಆ ಪಿನ್ನು, ಅದರ ಬುಶ್, ಟೈ ರಾಡ್‌ನ ಬಾಲ್ ಜಾಯಿಂಟ್, ವೀಲ್ ಬೇರಿಂಗ್ ಮೇಲೆ. ಇವು ಲೂಸ್ ಆದಾಗ ಸ್ಟೀರಿಂಗ್ ಹಿಡಿದ ಕೈಗೆ ಮೊದಲು ಗೊತ್ತಾಗುತ್ತೆ. ಪವರ್ ಸ್ಟೀರಿಂಗ್‌ನಲ್ಲಿ ಚಕ್ರ ತಿರುಗಿಸೋದು ಆಯಿಲ್‌ನ ಒತ್ತಡ, ಹಾಗಾಗಿ ಆ ನಡುಕ ಕೈತನಕ ಬರೋದೇ ಕಡಿಮೆ. ಲೂಸ್ ಅಲ್ಲೇ ಇರುತ್ತೆ, ನಿಮಗೆ ಗೊತ್ತಾಗಲ್ಲ ಅಷ್ಟೆ. ಹೊಲದಲ್ಲಾದ್ರೆ ಹೇಗೋ ನಿಲ್ಲಿಸಬಹುದು. ಟ್ರೇಲರ್ ತುಂಬಾ ಗೊಬ್ಬರ ಹೇರಿಕೊಂಡು ದೇವನಹಳ್ಳಿ–ದೊಡ್ಡಬಳ್ಳಾಪುರ ರಸ್ತೆಯಲ್ಲಿ ಹೋಗ್ತಿರುವಾಗ ಬಾಲ್ ಜಾಯಿಂಟ್ ಕಳಚಿದರೆ?

ಪರೀಕ್ಷೆಗೆ ಖರ್ಚಿಲ್ಲ. ಇಂಜಿನ್ ಆಫ್ ಮಾಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಒಬ್ಬರು ಸ್ಟೀರಿಂಗನ್ನ ಆ ಕಡೆ ಈ ಕಡೆ ಸ್ವಲ್ಪ ಆಡಿಸಲಿ, ಇನ್ನೊಬ್ಬರು ಟೈ ರಾಡ್ ಜಾಯಿಂಟ್ ಮೇಲೆ ಕೈ ಇಟ್ಟು ನೋಡಲಿ. ಸ್ಟೀರಿಂಗ್ ಆಡಿ ಚಕ್ರ ಆಡದಿದ್ರೆ ಎಲ್ಲೋ ಸವೆದಿದೆ. ಆಮೇಲೆ ಮುಂಭಾಗ ಜಾಕ್‌ನಲ್ಲಿ ಎತ್ತಿ, ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಮತ್ತೆ ಕೆಳಗಿಳಿಸಿ, ಮುಂದಿನ ಎರಡು ಚಕ್ರಗಳ ನಡುವಿನ ಅಂತರವನ್ನ ಆಕ್ಸಲ್ ಎತ್ತರದಲ್ಲೇ ಟೇಪ್‌ನಿಂದ ಮುಂದೊಮ್ಮೆ ಹಿಂದೊಮ್ಮೆ ಅಳೆಯಿರಿ. ಮುಂದಿನ ಅಳತೆ ಕೆಲವೇ ಮಿಲಿಮೀಟರ್ ಕಡಿಮೆ ಇರಬೇಕು. ಎಷ್ಟು ಅನ್ನೋದು ನಿಮ್ಮ ಮಾಡೆಲ್‌ನ ಪುಸ್ತಕದಲ್ಲಿದೆ (ಅಟ್ಟದ ಮೇಲೆ ಹುಡುಕಿ). ಇನ್ನು 6.00-16 ಟಯರ್ ತೆಗೆದು ಲುಕ್‌ಗೆ ಅಂತ 7.50-16 ಹಾಕಿಸಿರೋರು ಸ್ಟೀರಿಂಗ್ ಭಾರ ಅಂತ ದೂರಬಾರದು, ಭಾರ ಮಾಡಿಕೊಂಡಿದ್ದು ನೀವೇ.

ಸ್ಟೀರಿಂಗ್ ತುಂಬಾ ಹಗುರ ಅನ್ನಿಸಿದರೂ ಖುಷಿಪಡಬೇಡಿ. ರೋಟವೇಟರ್ ಎತ್ತಿದಾಗ ಮುಂಭಾಗ ತೇಲುತ್ತೆ. ಟ್ರಾಕ್ಟರ್‌ನ ತೂಕದಲ್ಲಿ ನೂರಕ್ಕೆ 20 ಭಾಗವಾದರೂ ಮುಂದಿನ ಚಕ್ರಗಳ ಮೇಲಿದ್ದರೆ ಮಾತ್ರ ಗಾಡಿ ಹೇಳಿದ ಕಡೆ ತಿರುಗುತ್ತೆ. ಅದಕ್ಕೆ ಬೇಕಿರೋದು ಮುಂದಿನ ವೇಟ್.

ಇಷ್ಟೂ ಸರಿಯಿದ್ದು ಆಮೇಲೂ ಪವರ್ ಸ್ಟೀರಿಂಗ್ ಬೇಕು ಅನ್ನಿಸಿದರೆ ಹಾಕಿಸಿ. ಕಂಪನಿ ನಿಮ್ಮ ಮಾಡೆಲ್‌ಗೆ ಕಿಟ್ ಕೊಡುತ್ತಾ ಕೇಳಿ, ದೇವನಹಳ್ಳಿ ಆರ್‌ಟಿಒ ಆಫೀಸಲ್ಲೂ ಒಂದು ಮಾತು ವಿಚಾರಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಬದಲಾವಣೆಗೆ ಮಿತಿ ಹಾಕಿದೆ. 2019ರ ತಿದ್ದುಪಡಿ ಆದಮೇಲೆ ನಿಯಮ ಮೀರಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಇದೆ, ಆರು ತಿಂಗಳವರೆಗೆ ಜೈಲೂ ಆಗಬಹುದು. ಹಳೇ ಪಂಪು, ಯಾವುದೋ ಕಾರಿನ ಸಿಲಿಂಡರ್ ತಂದು ವೆಲ್ಡಿಂಗ್ ಮಾಡಿ ಕೂರಿಸ್ತೀನಿ ಅನ್ನೋರಿಗೆ ಕೈ ಮುಗಿದು ಗಾಡಿ ವಾಪಸ್ ತಿರುಗಿಸ್ಕೊಂಡು ಬನ್ನಿ.