‘ಚಕ್ಕರ್’ ಎಂದು ಕೈತೊಳೆದುಕೊಳ್ಳುವ ಮಕ್ಕಳಿಗೆ

ಊರಿನಿಂದ ಬಂದ ತಾಯಿತಂದೆಯರನ್ನು ದೆಹಲಿಯ ಡಾಕ್ಟರ ಮುಂದೆ ಕೂರಿಸಿ, ಅವರು ಬಾಯಿ ತೆರೆಯುವ ಮೊದಲೇ ನಾವು ಹಿಂದಿಯಲ್ಲಿ ಎರಡು ಮಾತಾಡಿ ಚೀಟಿ ಬರೆಸಿಕೊಂಡು ಬರುತ್ತೇವೆ. ಇದನ್ನೇ ಮಕ್ಕಳ ಕರ್ತವ್ಯವೆಂದು ತಿಳಿದಿದ್ದೇವೆ. ಇದು ಕರ್ತವ್ಯವಲ್ಲ, ಅಪಚಾರ.

ಈ ಅಪಚಾರವನ್ನು ನಾವೂ ಮಾಡಿದ್ದೇವೆ. ‘ಎದ್ದು ನಿಂತ್ರೆ ಕಣ್ಣು ಕತ್ತಲೆ ಬರುತ್ತೆ ಕಣೋ’ ಎಂದರು ನಮ್ಮ ತಾಯಿಯವರು. ‘ಚಕ್ಕರ್ ಆತಾ ಹೈ’ ಎಂದೆವು ನಾವು. ಡಾಕ್ಟರು ತಲೆಯೆತ್ತದೆ ಕತ್ತಿನ ಎಕ್ಸ್‌ರೇಗೆ ಬರೆದರು. ಎಪ್ಪತ್ತು ದಾಟಿದವರಲ್ಲಿ ಯಾರ ಕತ್ತಿನ ಮೂಳೆ ಸವೆದಿರುವುದಿಲ್ಲ? ಕತ್ತಿಗೆ ಪಟ್ಟಿ ಬಂತು, ಮಾತ್ರೆ ಬಂತು; ಹದಿನೈದು ದಿನದಲ್ಲಿ ತಾಯಿಯವರು ಬಚ್ಚಲಲ್ಲಿ ಬಿದ್ದರು.

ಆಮೇಲೆ ಹೋದ ಇನ್ನೊಬ್ಬ ಡಾಕ್ಟರು, ‘ಅವರೇ ಹೇಳಲಿ, ನೀವು ಒಂದೊಂದು ಮಾತನ್ನೂ ತಿಳಿಸಿ’ ಎಂದರು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ನೋಡಿದರು. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಅದು ದೋಷ. ತಾಯಿಯವರಿಗೆ 30 ಇಳಿದಿತ್ತು! ಬಿ.ಪಿ. ಮಾತ್ರೆಯೇ ಅವರಿಗೆ ಹೆಚ್ಚಾಗಿತ್ತು. ‘ಎದ್ದು ನಿಂತರೆ’ ಎಂಬ ಎರಡು ಮಾತನ್ನು ನಾವು ನುಂಗಿಹಾಕಿದ್ದೆವು. ರೋಗದ ಗುಟ್ಟು ಅಲ್ಲೇ ಇತ್ತು.

ಹಾಸಿಗೆಯಲ್ಲಿ ಮಗ್ಗುಲಾದೊಡನೆ ಕೋಣೆ ಗಿರ್ರನೆ ತಿರುಗಿ ನಿಮಿಷದೊಳಗೆ ನಿಂತರೆ ಅದು ಬಹುಮಟ್ಟಿಗೆ ಒಳಕಿವಿಯ ತೊಂದರೆ. ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿಯೇ ಡಾಕ್ಟರು ಗುಣಪಡಿಸಬಲ್ಲರು. ಥಟ್ಟನೆ ಜೋಲಿ ಹೊಡೆದು, ಮಾತು ತೊದಲಿದರೆ, ಕೈಕಾಲು ಸೋತರೆ, ಅದು ಪಾರ್ಶ್ವವಾಯುವಿನ ಸೂಚನೆಯಿರಬಹುದು. ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಓಡಬೇಕು. ಇವೆಲ್ಲವೂ ನಮ್ಮ ಬಾಯಲ್ಲಿ ‘ಚಕ್ಕರ್’! ಇದು ಹಿಂದಿಯ ಬಡತನವಲ್ಲ, ನಮ್ಮ ಹಿಂದಿಯ ಬಡತನ. ಅದಕ್ಕಿಂತ ಹೆಚ್ಚಾಗಿ ನಮ್ಮ ಅವಸರ.

1975ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಧ್ಯಯನವೊಂದನ್ನು ನೋಡಿ. 80 ಹೊಸ ರೋಗಿಗಳಲ್ಲಿ 66 ಮಂದಿಯ ರೋಗವು ಅವರ ಮಾತು ಹಾಗೂ ಕಳುಹಿಸಿದ ಡಾಕ್ಟರ ಪತ್ರ, ಇಷ್ಟರಿಂದಲೇ ಸರಿಯಾಗಿ ತಿಳಿದಿತ್ತು. ಮೈ ಮುಟ್ಟಿ ನೋಡಿದ್ದು ನೆರವಾದದ್ದು 7 ಮಂದಿಗೆ, ಲ್ಯಾಬಿನ ಪರೀಕ್ಷೆಗಳು ಮತ್ತೆ 7 ಮಂದಿಗೆ. ಹೀಗಿರುವಾಗ ರೋಗಿ ಕುರ್ಚಿಯಲ್ಲಿ ಕೂರುವ ಮೊದಲೇ ಪರೀಕ್ಷೆಗಳ ಪಟ್ಟಿ ಬರೆಯುವ ಡಾಕ್ಟರನ್ನು ‘ಬಹಳ ಚುರುಕು’ ಎಂದು ಹೊಗಳುವವರೂ ನಾವೇ ಅಲ್ಲವೇ?

ಡಾಕ್ಟರಿಗೆ ಪುರುಸೊತ್ತಿಲ್ಲ ಎನ್ನುವಿರಿ. ಒಪ್ಪಿದೆವು. ಆದರೆ ಕಚೇರಿಯಲ್ಲಿ ಗುಮಾಸ್ತನ ಟಿಪ್ಪಣಿ ತಪ್ಪಿದರೆ ಸಾಹೇಬರ ಆಜ್ಞೆಯೂ ತಪ್ಪುತ್ತದೆಂದು ಬಲ್ಲ ನಾವು, ಹೆತ್ತವಳ ಕಡತದಲ್ಲಿ ಮಾತ್ರ ಏಕೆ ಒಂದೇ ಪದ ಬರೆದು ಮುಗಿಸುತ್ತೇವೆ?

ಆಸ್ಪತ್ರೆಗೆ ಹೊರಡುವ ಹಿಂದಿನ ರಾತ್ರಿ ಅಮ್ಮನ ಪಕ್ಕ ಕುಳಿತು ಕೇಳೋಣ: ಯಾವಾಗ ಬರುತ್ತದೆ, ಏನು ಮಾಡಿದಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಯಾವ ಮಾತ್ರೆ ಶುರುವಾದ ಮೇಲೆ ಬಂತು. ಅವರ ಮಾತಿನಲ್ಲೇ ಚೀಟಿಯಲ್ಲಿ ಬರೆದುಕೊಳ್ಳೋಣ. ಸಂಘವು ಆರೋಗ್ಯ ಶಿಬಿರ ನಡೆಸುವಾಗ ಪ್ರತಿ ಡಾಕ್ಟರ ಮಗ್ಗುಲಲ್ಲೂ ಎರಡೂ ಭಾಷೆ ಬಲ್ಲ ಒಬ್ಬರನ್ನು ಕೂರಿಸಲಿ. ಅದಕ್ಕೆ ರಜೆ ಹಾಕಿ ಬರಲು ನಾವು ಸಿದ್ಧರಿದ್ದೇವೆ.